ಕೂರುವುದಕ್ಕೊಂದು, ಮಲಗುವುದಕ್ಕೊಂದು: ‘ಧ್ಯಾನ ಮತ್ತು ಆಸ್ಟ್ರಲ್ ಟ್ರಾವೆಲ್’ ಸೆಟ್‌ನ ವಿಮರ್ಶೆ

ಧ್ಯಾನಕ್ಕೂ, ಸೂಕ್ಷ್ಮ ಶರೀರವು ದೇಹವನ್ನು ಬಿಟ್ಟು ಹೊರಗೆ ಸಂಚರಿಸುತ್ತದೆಂದು ನಂಬುವ ‘ಆಸ್ಟ್ರಲ್ ಟ್ರಾವೆಲ್’ಗೂ ಒಟ್ಟಿಗೇ ಒದಗುವುದೆಂದು ಆನ್‌ಲೈನ್ ಮಳಿಗೆಗಳಲ್ಲಿ ಮಾರಾಟವಾಗುತ್ತಿರುವ ದಿಂಬುಗಳ ಸೆಟ್ ಒಂದನ್ನು ಕಳೆದ ಮಳೆಗಾಲದಿಂದ ಬಳಸುತ್ತಿದ್ದೇನೆ. ಧಾನ್ಯದ ಹೊಟ್ಟು ತುಂಬಿದ ದುಂಡನೆಯ ದಿಂಬು, ಅದರ ಕೆಳಗೆ ಹಾಸುವ ಚೌಕಾಕಾರದ ಹತ್ತಿಯ ಮೆತ್ತೆ, ಉದ್ದನೆಯ ಲೋಡು, ಅಗಸೆ ಬೀಜ ತುಂಬಿದ ಕಣ್ಣಿನ ಪಟ್ಟಿ, ಇವಿಷ್ಟು ಅದರಲ್ಲಿ ಬರುತ್ತವೆ. ಇದೇ ಮಾದರಿಯನ್ನು ಹಲವರು ಬೇರೆಬೇರೆ ಹೆಸರಿನಲ್ಲಿ ಮಾರುತ್ತಿರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಸ್ತುವಿನ ಗುಣಾವಗುಣಗಳನ್ನಷ್ಟೇ ನೋಡೋಣ. ಸೆಟ್‌ನ ಒಂದೊಂದು ವಸ್ತುವೂ ಬಿಡಿಯಾಗಿ ಉಪಯುಕ್ತವೇ ಆಗಿದ್ದರೂ, ಒಂದೇ ಆಸನದಿಂದ ಎರಡೂ ಕೆಲಸ ನಡೆಯುತ್ತದೆ ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪಲಾರೆ. ಕುಳಿತು ಮಾಡುವ ಧ್ಯಾನದಲ್ಲಿ ದೇಹ ನೋವಿಲ್ಲದೆ ಎಚ್ಚರವಾಗಿರಬೇಕು. ದೇಹಾತೀತ ಅನುಭವವನ್ನು ಅರಸುವವರ ಅಭ್ಯಾಸದಲ್ಲಿ ದೇಹ ನಿದ್ದೆಗೆ ಜಾರಿ ಮನಸ್ಸು ಮಾತ್ರ ಎಚ್ಚರವಾಗಿ ಉಳಿಯಬೇಕು. ಈ ಎರಡು ಸ್ಥಿತಿಗಳು ಬೆನ್ನಿಗೂ ಕುತ್ತಿಗೆಗೂ ಕೇಳುವ ಆಸರೆ ಬೇರೆ ಬೇರೆ.

ಮೊದಲಿಗೆ ದುಂಡನೆಯ ದಿಂಬು. ಜಪಾನಿನ ಜೆನ್ ಮಠಗಳ ಜಾಫು ಇದರ ಮೂಲ ಮಾದರಿ. ಅಲ್ಲಿ ಹಿಂದೆ ಅದಕ್ಕೆ ತುಂಬುತ್ತಿದ್ದದ್ದು ಬೂರುಗದ ಹತ್ತಿಯಂಥ ಹಗುರವಾದ ನಾರು. ಈಗ ಹೆಚ್ಚಾಗಿ ಬಕ್‌ವೀಟ್ ಹೊಟ್ಟನ್ನು ತುಂಬುತ್ತಾರೆ. ಉತ್ತರ ಭಾರತದವರು ಉಪವಾಸದ ದಿನ ರೊಟ್ಟಿಗೆ ಬಳಸುವ ಕುಟ್ಟು ಎಂಬ ಧಾನ್ಯವೇ ಈ ಬಕ್‌ವೀಟ್. ಹೊಟ್ಟಿನ ವಿಶೇಷವೆಂದರೆ, ಕುಳಿತವರ ಆಕಾರಕ್ಕೆ ಸರಿದು ಹೊಂದಿಕೊಂಡ ಮೇಲೆ ಅದು ಮತ್ತೆ ಕುಸಿಯುವುದಿಲ್ಲ. ಫೋಮ್ ದಿಂಬು ಮೊದಲ ಹತ್ತು ನಿಮಿಷ ಮೆತ್ತಗೆ ಹಿತವಾಗಿದ್ದು ಆಮೇಲೆ ತಳ ಮುಟ್ಟುತ್ತದೆ. ಹತ್ತಿಯ ದಿಂಬು ಕೆಲವು ತಿಂಗಳಲ್ಲಿ ಗಂಟು ಕಟ್ಟುತ್ತದೆ. ಹೊಟ್ಟಿನ ದಿಂಬಿಗೆ ಈ ಎರಡು ದೋಷಗಳೂ ಇಲ್ಲ. ಅಲುಗಿದಾಗಲೆಲ್ಲ ಸರಸರ ಸದ್ದು ಮಾಡುತ್ತದೆ ಎಂಬುದು ನಿಜ, ಆದರೆ ಕದಲದೆ ಕೂರುವುದನ್ನು ಕಲಿಯುತ್ತಿರುವವರಿಗೆ ಆ ಸದ್ದು ಒಂದು ಬಗೆಯ ಮೇಲ್ವಿಚಾರಕನೂ ಹೌದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಹೊಟ್ಟು ತೇವ ಹೀರಿ ಮುಗ್ಗಲು ವಾಸನೆ ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಹೊಟ್ಟನ್ನು ಹೊರತೆಗೆದು ಒಣಗಿಸಲೇಬೇಕು. ನನ್ನ ಸೆಟ್‌ನ ದಿಂಬಿಗೆ ಹೊರಚೀಲದಲ್ಲಿ ಜಿಪ್ ಇದೆ, ಒಳಚೀಲವನ್ನು ಮಾತ್ರ ಹೊಲಿದು ಮುಚ್ಚಿದ್ದಾರೆ. ಇದೇ ಅದರ ದೊಡ್ಡ ಕೊರತೆ.

ಒಣಗಿಸುವುದಕ್ಕಷ್ಟೇ ಅಲ್ಲ, ಎತ್ತರವನ್ನು ಹೊಂದಿಸಿಕೊಳ್ಳುವುದಕ್ಕೂ ಒಳಚೀಲ ತೆರೆಯುವಂತಿರಬೇಕು. ಧ್ಯಾನದ ದಿಂಬು ಮಾಡುವ ಕೆಲಸವೆಲ್ಲ ಎತ್ತರದ ಕೆಲಸ. ಮೆತ್ತಗಿರುವುದು ಎರಡನೆಯ ಮಾತು. ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ತೊಡೆಯ ಕೀಲುಗಳು ಸಾಕಷ್ಟು ಹೊರಳದವರ ಮಂಡಿಗಳು ಸೊಂಟಕ್ಕಿಂತ ಮೇಲೆ ನಿಲ್ಲುತ್ತವೆ. ಆಗ ಸೊಂಟದ ಎಲುಬು ಹಿಂದಕ್ಕೆ ವಾಲಿ, ಬೆನ್ನಿನ ಕೆಳಭಾಗದ ಸಹಜ ಬಾಗು ಮಾಯವಾಗಿ, ಬೀಳದಂತೆ ಮುಂಡವನ್ನು ಹಿಡಿದಿಡುವ ದುಡಿಮೆಯೆಲ್ಲ ಬೆನ್ನಿನ ಸ್ನಾಯುಗಳ ಪಾಲಿಗೆ ಬರುತ್ತದೆ. ಇಪ್ಪತ್ತು ನಿಮಿಷಕ್ಕೆ ಬೆನ್ನು ನೋಯಲು ಶುರುವಾಗುವುದು ಇದರಿಂದಲೇ. ಪೃಷ್ಠದ ಕೆಳಗೆ ನಾಲ್ಕರಿಂದ ಆರು ಅಂಗುಲ ಎತ್ತರ ಕೊಟ್ಟರೆ ಮಂಡಿಗಳು ಇಳಿದು ನೆಲ ಮುಟ್ಟುತ್ತವೆ, ಸೊಂಟ ತುಸು ಮುಂದಕ್ಕೆ ವಾಲುತ್ತದೆ, ಎರಡು ಮಂಡಿ ಮತ್ತು ಆಸನ ಸೇರಿ ಮೂರು ಕಡೆ ಭಾರ ಹಂಚಿಹೋಗುತ್ತದೆ. ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ಆಸನವಿರಬೇಕೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುವಾಗ, ದರ್ಭೆ, ಜಿಂಕೆಯ ಚರ್ಮ ಮತ್ತು ಬಟ್ಟೆ ಎಂದು ಪದರಗಳನ್ನೂ ವಿವರಿಸುತ್ತದೆ. ಪದರ ಏರಿಸಿ ಇಳಿಸಿ ತಮ್ಮ ಮೈಗೆ ಬೇಕಾದ ಎತ್ತರ ಕಂಡುಕೊಳ್ಳುವ ಅವಕಾಶ ಅಲ್ಲಿಯೇ ಇದೆ. ಆರು ಅಂಗುಲದ ದಿಂಬನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಲಿದು ಮುಚ್ಚುವ ತಯಾರಕರು ಈ ಸರಳ ಸಂಗತಿಯನ್ನು ಬಿಟ್ಟಿದ್ದಾರೆ. ಐದಡಿಯವರಿಗೆ ಇದು ಎತ್ತರವಾಯಿತು, ಆರಡಿಯವರಿಗೆ ತಗ್ಗಾಯಿತು. ತಗ್ಗಾದರೆ ಮಡಿಸಿದ ಟವೆಲ್ಲೊಂದನ್ನು ಕೆಳಗೆ ಸೇರಿಸಬಹುದು. ಎತ್ತರವಾದರೆ ಹೊಲಿಗೆ ಬಿಚ್ಚದೆ ದಾರಿಯಿಲ್ಲ.

ಕೂರುವ ಜಾಗವೂ ಮುಖ್ಯ. ದಿಂಬಿನ ನಡುವೆ ಪೂರ್ತಿಯಾಗಿ ಕುಳಿತರೆ ಅದರ ಮುಂಭಾಗದ ಅಂಚು ತೊಡೆಯ ಹಿಂಬದಿಯ ನರವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮುಂದಿನ ಮೂರನೆಯ ಒಂದು ಭಾಗದಲ್ಲಷ್ಟೇ ಕುಳಿತರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಸೆಟ್‌ನ ಜೊತೆ ಬರುವ ಬಣ್ಣದ ಕೈಪಿಡಿಯಲ್ಲಿ ಚಕ್ರಗಳ ಚಿತ್ರಗಳಿಗೆ ಪುಟಗಟ್ಟಲೆ ಜಾಗ ಸಿಕ್ಕಿದೆ, ಈ ಒಂದು ಸೂಚನೆಗೆ ಸಿಕ್ಕಿಲ್ಲ. ಕೆಳಗಿನ ಚೌಕದ ಮೆತ್ತೆ ಕಾಲಿನ ಹರಡುಗಳಿಗೂ ಮಂಡಿಗಳಿಗೂ ಆಸರೆಯಾಗುತ್ತದೆ ಎಂಬುದರ ಹೊರತು ಹೇಳುವಂಥದ್ದೇನೂ ಅದರಲ್ಲಿಲ್ಲ. ಮನೆಯಲ್ಲಿ ಒಳ್ಳೆಯ ಕಂಬಳಿ ಇದ್ದವರು ನಾಲ್ಕು ಮಡಿಕೆ ಹಾಕಿ ಅದನ್ನೇ ಬಳಸಬಹುದು. ಚಳ್ಳಕೆರೆಯ ಕಂಬಳಿ ಈ ಮೆತ್ತೆಗಿಂತ ಕಡಿಮೆ ಜಾರುತ್ತದೆ.

ಈ ದಿಂಬಿನ ಮೇಲೆ ಅರ್ಧ ಗಂಟೆ ಕೂರುವುದು ಬೇರೆ, ಒಂದು ಗಂಟೆ ಕದಲದೆ ಕೂರುವುದು ಬೇರೆ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಗಳಲ್ಲಿ, ವಿಪಶ್ಯನವನ್ನು ಕಲಿಸಿದ ನಂತರ, ದಿನಕ್ಕೆ ಮೂರು ಬಾರಿ ಒಂದೊಂದು ಗಂಟೆ ಕಣ್ಣು, ಕೈ, ಕಾಲುಗಳನ್ನು ಕದಲಿಸದೆ ಕೂರುವ ಅಧಿಷ್ಠಾನದ ನಿಯಮವಿದೆ. ಬೆಂಗಳೂರಿನ ಹೊರವಲಯದಲ್ಲಿರುವ ಈ ಪರಂಪರೆಯ ಕೇಂದ್ರ ಧಮ್ಮ ಪಫುಲ್ಲಕ್ಕೆ ಹೋಗಬೇಕೆಂದಿರುವವರು ಮನೆಯಲ್ಲೇ ತಮಗೆ ಒಪ್ಪುವ ಎತ್ತರವನ್ನು ಗೊತ್ತುಮಾಡಿಕೊಂಡಿದ್ದರೆ ಅಲ್ಲಿ ಮೊದಲ ದಿನಗಳು ದಿಂಬು ಬದಲಾಯಿಸುವುದರಲ್ಲಿ ಕಳೆಯುವುದಿಲ್ಲ. ಮಂಡಿ ನೋವಿರುವವರಿಗೆ ಮಾತ್ರ ಯಾವ ದುಂಡು ದಿಂಬನ್ನೂ ನಾನು ಶಿಫಾರಸು ಮಾಡುವುದಿಲ್ಲ. ವಜ್ರಾಸನದಲ್ಲಿ ಕಾಲುಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂರುವ, ಮುಂದಕ್ಕೆ ಇಳಿಜಾರಾದ ಪುಟ್ಟ ಮರದ ಬೆಂಚು ಬೆನ್ನಿಗೆ ತುಂಬ ಒಳ್ಳೆಯದಾದರೂ ಮಂಡಿ ಪೂರ್ತಿ ಮಡಚಲಾಗದವರಿಗೆ ಅದೂ ಆಗುವುದಿಲ್ಲ. ಅಂಥವರು ಕೈಗಳಿಲ್ಲದ ಗಟ್ಟಿ ಕುರ್ಚಿಯಲ್ಲಿ ಬೆನ್ನನ್ನು ಒರಗಿಸದೆ ಕೂರಲಿ. ಪಾದಗಳು ನೆಲಕ್ಕೆ ಎಟುಕದಿದ್ದರೆ ಊಟದ ಮಣೆಯೊಂದನ್ನು ಕೆಳಗೆ ಇಟ್ಟುಕೊಳ್ಳಲಿ. ಕುರ್ಚಿಯಲ್ಲಿ ಕುಳಿತರೆ ಧ್ಯಾನಕ್ಕೆ ಕಡಿಮೆಯಾಯಿತೆಂಬ ಭಾವನೆ ನಮ್ಮಲ್ಲಿ ಏಕೋ ಗಟ್ಟಿಯಾಗಿದೆ. ಕನಕಪುರ ರಸ್ತೆಯಾಚೆಯ ಧ್ಯಾನ ಕೇಂದ್ರ ಪಿರಮಿಡ್ ವ್ಯಾಲಿಯ ಪರಂಪರೆಯಲ್ಲಿ ಸುಭಾಷ್ ಪತ್ರಿ ಅವರು ಹೇಳಿಕೊಡುತ್ತಿದ್ದ ಭಂಗಿ ಇನ್ನೂ ಸರಳ: ಆರಾಮವಾಗಿ ಕುಳಿತು, ಕೈಬೆರಳುಗಳನ್ನು ಹೆಣೆದು, ಪಾದಗಳನ್ನು ಅಡ್ಡಹಾಕಿ, ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು. ಕುರ್ಚಿಯಲ್ಲೂ ಇದು ನಡೆಯುತ್ತದೆ.

ಇನ್ನು ಸೆಟ್‌ನ ಎರಡನೆಯ ಭರವಸೆಗೆ ಬರೋಣ. ಆತ್ಮವೋ ಸೂಕ್ಷ್ಮ ಶರೀರವೋ ನಿಜವಾಗಿ ಹೊರಗೆ ಹೋಗುತ್ತದೆಯೇ ಎಂಬ ಚರ್ಚೆಯನ್ನು ದಿಂಬಿನ ವಿಮರ್ಶೆಯಲ್ಲಿ ತೀರ್ಮಾನಿಸಲಾಗದು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ಕೇಳಿ ಬೆಳೆದ ನಮಗೆ ಆ ಕಲ್ಪನೆ ಹೊಸದಲ್ಲ. ಮತ್ತೊಂದು ಕಡೆ, 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡ್‌ನಲ್ಲಿ ಮೂರ್ಛೆರೋಗದ ರೋಗಿಯೊಬ್ಬರ ಮೆದುಳಿನ ಬಲಭಾಗದ ಆ್ಯಂಗ್ಯುಲರ್ ಗೈರಸ್ ಎಂಬ ಜಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಹಾಸಿಗೆಯ ಮೇಲಿರುವ ತನ್ನನ್ನು ಮೇಲಿನಿಂದ ನೋಡಿದ ಅನುಭವ ಆಕೆಗೆ ಆಯಿತೆಂದು ವರದಿ ಮಾಡಿದರು. ಮೈಯ ಇರವು, ಸಮತೋಲ ಮತ್ತು ನೋಟದ ಸುದ್ದಿಗಳು ಕೂಡುವ ಪ್ರದೇಶವದು. ಭಂಗಿಯನ್ನು ಹುಡುಕುತ್ತಿರುವವರಿಗೆ ಇದರಿಂದ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಸ್ನಾಯು, ಕೀಲುಗಳಿಂದ ಬರುವ ಸುದ್ದಿ ಎಷ್ಟು ಕಡಿಮೆಯಾಗುತ್ತದೆಯೋ ಅಷ್ಟಕ್ಕೆ ಮೈ ಎಲ್ಲಿದೆ ಎಂಬ ಅರಿವು ಸಡಿಲಗೊಳ್ಳಲು ಅವಕಾಶವಾಗುತ್ತದೆ. ನೆಟ್ಟಗೆ ಕುಳಿತ ಬೆನ್ನು ಆ ಅವಕಾಶವನ್ನು ಕೊಡುವುದಿಲ್ಲ. ಆದ್ದರಿಂದ ದುಂಡು ದಿಂಬಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ.

ಲೋಡಿಗೆ ಇದೆ. ಶವಾಸನದಲ್ಲಿ ಮಲಗಿ ಮಂಡಿಗಳ ಕೆಳಗೆ ಲೋಡನ್ನು ಇಟ್ಟುಕೊಂಡರೆ ಸೊಂಟದ ಮೇಲಿನ ಸೆಳೆತ ತಗ್ಗಿ ಬೆನ್ನಿನ ಕೆಳಭಾಗ ಹಾಸಿಗೆಗೆ ತಾಗುತ್ತದೆ. ಈ ಸೆಟ್‌ನ ಲೋಡು ಒತ್ತಾಗಿ ತುಂಬಿದ ಹತ್ತಿಯದು. ತಿಂಗಳುಗಳ ನಂತರವೂ ಆಕಾರ ಕೆಟ್ಟಿಲ್ಲ, ಹೊಲಿಗೆ ಸಡಿಲವಾಗಿಲ್ಲ. ನಾಲ್ಕರಲ್ಲಿ ಇದೇ ಅತ್ಯುತ್ತಮ ವಸ್ತುವೆಂದು ಸಂಕೋಚವಿಲ್ಲದೆ ಹೇಳಬಲ್ಲೆ. ತಲೆಯ ಕೆಳಗೆ ಮಾತ್ರ ಇದನ್ನು ಇಡಬಾರದು, ಗಲ್ಲ ಎದೆಗೆ ತಾಗಿ ಉಸಿರಿಗೆ ಅಡ್ಡಿಯಾಗುತ್ತದೆ. ತಲೆಗೆ ತೆಳುವಾದ ದಿಂಬು ಸಾಕು. ಕದಲದೆ ಮಲಗಿದಾಗ ಮೈ ತಣ್ಣಗಾಗುವುದರಿಂದ, ಸೆಕೆಯ ದಿನಗಳಲ್ಲೂ ತೆಳು ಹೊದಿಕೆಯೊಂದು ಕೈಗೆಟುಕುವಂತಿರಲಿ.

ಈ ಕ್ಷೇತ್ರದಲ್ಲಿ ಎಲ್ಲರೂ ಹೆಸರಿಸುವ ವ್ಯಕ್ತಿ ಅಮೆರಿಕದ ರಾಬರ್ಟ್ ಮನ್ರೋ (1915–1995). ರೇಡಿಯೋ ಉದ್ಯಮಿಯಾಗಿದ್ದ ಅವರು 1958ರಲ್ಲಿ ತಮಗೆ ಆರಂಭವಾದ ದೇಹಾತೀತ ಅನುಭವಗಳನ್ನು 1971ರಲ್ಲಿ ಪ್ರಕಟಿಸಿದರು. ವರ್ಜೀನಿಯಾದಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆ. ‘ಮನಸ್ಸು ಎಚ್ಚರ, ದೇಹ ನಿದ್ರೆ’ ಎಂಬ ಸ್ಥಿತಿಗೆ ಅಲ್ಲಿ ಫೋಕಸ್ 10 ಎಂದು ಹೆಸರು. ಶಿಬಿರಾರ್ಥಿಗಳು ಗೂಡಿನಂತಹ ಮುಚ್ಚಿದ ಹಾಸಿಗೆಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಲಗಿಯೇ ಅಭ್ಯಾಸ ಮಾಡುತ್ತಾರೆ, ಕುಳಿತಲ್ಲ. ಉತ್ತರ ದಿಕ್ಕಿಗೆ ತಲೆ ಹಾಕಿ ಮಲಗಬೇಕೆಂದು ಮನ್ರೋ ಬರೆದದ್ದು ನಮ್ಮ ಮನೆಗಳಲ್ಲಿ ಯಾರಿಗೂ ರುಚಿಸದು. ಇಲ್ಲಿ ಉತ್ತರಕ್ಕೆ ತಲೆ ಹಾಕಿದ ಮಗುವನ್ನು ಅಜ್ಜಿಯಂದಿರು ನಿದ್ದೆಯಲ್ಲೇ ತಿರುಗಿಸಿ ಮಲಗಿಸುತ್ತಾರೆ. ಅಜ್ಜಿಯ ಮಾತನ್ನು ಮೀರುವಷ್ಟು ಬಲವಾದ ಕಾರಣ ನನಗೆ ಮನ್ರೋ ಅವರ ಬರಹದಲ್ಲಿ ಕಾಣಲಿಲ್ಲ.

ಅಂಗಾತ ಮಲಗುವುದರಲ್ಲಿ ಎರಡು ತೊಡಕುಗಳಿವೆ. ಬಹಳಷ್ಟು ಮಂದಿಗೆ ನಿದ್ದೆಯೇ ಬಂದುಬಿಡುತ್ತದೆ. ಇದಕ್ಕೆ ಅಭ್ಯಾಸಿಗಳಲ್ಲಿ ಬಳಕೆಯಲ್ಲಿರುವ ಉಪಾಯವೆಂದರೆ, ಮೊಣಕೈಯನ್ನು ಹಾಸಿಗೆಗೆ ಊರಿ ಮುಂಗೈಯನ್ನು ಮೇಲಕ್ಕೆ ನಿಲ್ಲಿಸಿಕೊಳ್ಳುವುದು. ನಿದ್ದೆ ಗಾಢವಾದೊಡನೆ ಕೈ ಬಿದ್ದು ಎಚ್ಚರವಾಗುತ್ತದೆ. ಎರಡನೆಯದು ನಿದ್ರಾ ಪಾರ್ಶ್ವವಾಯು. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಹಜವಾಗಿಯೇ ನಿಶ್ಚಲವಾಗಿರುತ್ತವೆ. ಅದರ ನಡುವೆ ಎಚ್ಚರವಾದರೆ ಮೈ ಅಲುಗಿಸಲಾಗದೆ, ಎದೆಯ ಮೇಲೆ ಯಾರೋ ಕುಳಿತಂತೆ ಭಾಸವಾಗುತ್ತದೆ. ಇದು ಅಂಗಾತ ಮಲಗಿದಾಗಲೇ ಹೆಚ್ಚು. ದೇಹಾತೀತ ಅನುಭವವನ್ನು ಅರಸುವವರು ಇದನ್ನು ಹೊಸ್ತಿಲೆಂದು ಬಗೆದು ಸ್ವಾಗತಿಸುತ್ತಾರೆ, ಉಳಿದವರು ಹೆದರುತ್ತಾರೆ. ಸೆಟ್‌ನ ಕೈಪಿಡಿಯಲ್ಲಿ ಇದರ ಸೊಲ್ಲೇ ಇಲ್ಲದಿರುವುದು ಬೇಜವಾಬ್ದಾರಿತನ. ಹೆದರಿಕೆಯಾಗುವವರು ಮಗ್ಗುಲಾಗಿ ಮಲಗಿ, ಲೋಡನ್ನು ಮಂಡಿಗಳ ನಡುವೆ ಇಟ್ಟುಕೊಳ್ಳುವುದು ಲೇಸು. ಗೊರಕೆಯ ತೊಂದರೆ ಇರುವವರಿಗೂ ಇದೇ ಭಂಗಿ ಒಪ್ಪುತ್ತದೆ, ಹೆಡ್‌ಫೋನ್ ಮಾತ್ರ ಕಿವಿಗೆ ಒತ್ತುತ್ತದೆ.

ನನಗೆ ಇವೆರಡಕ್ಕಿಂತ ಹೆಚ್ಚು ಒಗ್ಗಿದ್ದು ಸೆಟ್‌ನಲ್ಲಿ ಇಲ್ಲದ ವಸ್ತು: ಕೊಡಗು, ಚಿಕ್ಕಮಗಳೂರುಗಳ ಎಸ್ಟೇಟ್ ಮನೆಗಳ ಜಗಲಿಯಲ್ಲಿ ಕಾಣುವ, ಬಟ್ಟೆಯದೋ ಬೆತ್ತದ್ದೋ ಒರಗು ಇರುವ ಹಳೆಯ ಆರಾಮ ಕುರ್ಚಿ. ಅದರಲ್ಲಿ ಬೆನ್ನು ಅರ್ಧ ಮಲಗಿರುತ್ತದೆ, ತಲೆಗೆ ಆಸರೆ ಇರುತ್ತದೆ, ತೋಳುಗಳು ಅಗಲವಾದ ಕೈಗಳ ಮೇಲೆ ಭಾರವಿಲ್ಲದೆ ಬಿದ್ದಿರುತ್ತವೆ. ದೇಹ ಕೂರುವುದಕ್ಕೂ ಮಲಗುವುದಕ್ಕೂ ನಡುವೆ ನಿಲ್ಲುವುದರಿಂದ, ನಿದ್ದೆ ಬಂದರೂ ಆಳಕ್ಕೆ ಇಳಿಯುವುದಿಲ್ಲ. ಮಂಡಿಗಳ ಕೆಳಗೆ ಇದೇ ಲೋಡನ್ನು ಸೇರಿಸಿದರೆ, ಯೋಗಸೂತ್ರವು ಆಸನದ ಬಗ್ಗೆ ಹೇಳುವಾಗ ಬಳಸುವ ಪ್ರಯತ್ನಶೈಥಿಲ್ಯ (ಪ್ರಯತ್ನವನ್ನು ಸಡಿಲಿಸುವುದು) ಎಂಬ ಮಾತು ಯಾವ ಸ್ಥಿತಿಯನ್ನು ಸೂಚಿಸುತ್ತದೆಂದು ಮೈಗೇ ತಿಳಿಯುತ್ತದೆ. ಸೊಂಟದ ಡಿಸ್ಕ್ ತೊಂದರೆ ಇರುವವರು ಮಾತ್ರ ಜೋಲು ಬಟ್ಟೆಯ ಕುರ್ಚಿಯಿಂದ ದೂರವಿರಬೇಕು.

ಕಣ್ಣಿನ ಪಟ್ಟಿಯ ಭಾರ ಹಿತಕರವಾಗಿದೆ, ಬೆಳಕನ್ನೂ ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಬೆರೆಸಿರುವ ಲ್ಯಾವೆಂಡರ್ ವಾಸನೆ ನನಗೆ ಅತಿಯೆನಿಸಿ, ಬಿಸಿಲಿಗಿಟ್ಟು ಕಳೆಯಬೇಕಾಯಿತು.

ಇಡೀ ಸೆಟ್‌ಗೆ ರೂ. 4,000ದ ಆಸುಪಾಸು ಬೆಲೆಯಿದೆ. ಲೋಡು ಮತ್ತು ದುಂಡು ದಿಂಬನ್ನು ಬಿಡಿಯಾಗಿ ಕೊಳ್ಳುವ ಅವಕಾಶವಿದ್ದರೆ ಅವೆರಡನ್ನೇ ಕೊಳ್ಳಿ. ಅದಕ್ಕಿಂತ ಅಗ್ಗದ ದಾರಿಯೂ ಇದೆ: ನಿಮ್ಮೂರಿನ ಹಾಸಿಗೆ ಅಂಗಡಿಯಲ್ಲಿ ಬೂರುಗದ ಹತ್ತಿ ಸಿಗುತ್ತದೆಯೇ ಎಂದು ವಿಚಾರಿಸಿ, ಹದಿಮೂರು ಅಂಗುಲ ಅಗಲದ ದುಂಡನೆಯ ಚೀಲವನ್ನು ದಪ್ಪ ಕಾಟನ್ ಬಟ್ಟೆಯಲ್ಲಿ ಹೊಲಿಸಿ, ಅಂಗಡಿಯಲ್ಲೇ ಒಂದೆರಡು ಬಾರಿ ಕುಳಿತು ನೋಡಿ, ಮಂಡಿ ನೆಲ ಮುಟ್ಟುವಷ್ಟಕ್ಕೆ ತುಂಬಿಸಿಕೊಳ್ಳಿ. ಬೂರುಗದ ಹತ್ತಿ ದಿನಕಳೆದಂತೆ ತುಸು ಕುಗ್ಗುತ್ತದೆ; ಆದ್ದರಿಂದ ಮೊದಲೇ ಒಂದು ಹಿಡಿ ಹೆಚ್ಚು ತುಂಬಿಸಿ, ಒಳಚೀಲಕ್ಕೂ ಜಿಪ್ ಹಾಕಿಸುವುದನ್ನು ಮರೆಯಬೇಡಿ.