ಮ್ಯೂನಿಕ್‌ನಿಂದ ದುಬ್ರೋವ್ನಿಕ್‌ಗೆ ಕಾರಿನಲ್ಲಿ: ಈ ಪ್ಲಾನ್ ಕೆಡುವುದು ಇಲ್ಲೆಲ್ಲ

ಮ್ಯೂನಿಕ್‌ನಲ್ಲಿ ಇಳಿದು ಬಾಡಿಗೆ ಕಾರು ಹಿಡಿಯುವುದು, ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಘಾಟಿ ರಸ್ತೆ ಹತ್ತಿ ಇಳಿಯುವುದು, ಸ್ಲೊವೇನಿಯಾದ ಬ್ಲೆಡ್ ಸರೋವರದ ಬಳಿ ರಾತ್ರಿ, ವ್ರಿಶಿಚ್ ಘಾಟಿ ದಾಟಿ ಬೋವೆಟ್ಸ್, ಅಲ್ಲಿಂದ ಒಂದೇ ಓಟಕ್ಕೆ ಕ್ರೊಯೇಷ್ಯಾದ ಸ್ಪ್ಲಿಟ್, ಕೊನೆಗೆ ದುಬ್ರೋವ್ನಿಕ್‌ನಲ್ಲಿ ಕೀಲಿ ಒಪ್ಪಿಸಿ ವಿಮಾನ. ಏಳು ದಿನ. ಬೆಂಗಳೂರಿನಲ್ಲಿ ಕೂತು ನಕ್ಷೆಯ ಮೇಲೆ ಬೆರಳಾಡಿಸಿದರೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಆದರೆ ಇದು ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಪ್ರತಿ ಸಲ ಅವೇ.

ಮೊದಲ ಪೆಟ್ಟು ಬೀಳುವುದು ಬಾಡಿಗೆ ಕೌಂಟರ್‌ನಲ್ಲೇ. ಠೇವಣಿಗೆ ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ಹೆಂಡತಿಯ ಕಾರ್ಡ್, ಗಂಡನ ಲೈಸೆನ್ಸ್ ಅಂದರೆ ಕಾರು ಸಿಗುವುದಿಲ್ಲ. ಡೆಬಿಟ್ ಕಾರ್ಡನ್ನು ಹಲವು ಕಡೆ ಮುಟ್ಟುವುದೇ ಇಲ್ಲ. ಸಾವಿರ, ಎರಡು ಸಾವಿರ ಯೂರೋ ತಡೆಹಿಡಿಯುವುದು ಮಾಮೂಲು, ಹಾಗಾಗಿ ಕಾರ್ಡಿನ ಮಿತಿಯಲ್ಲಿ ಅಷ್ಟು ಖಾಲಿ ಇರಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನೂ ಹೊರಡುವ ಮೊದಲೇ ಆನ್ ಮಾಡಿರಬೇಕು. ಬುಕಿಂಗ್ ಜಾಲತಾಣದಲ್ಲಿ ಅಗ್ಗಕ್ಕೆ ಕೊಂಡ 'ಪೂರ್ಣ ವಿಮೆ' ಈ ಠೇವಣಿಯನ್ನು ತಪ್ಪಿಸುವುದಿಲ್ಲ. ಡ್ಯಾಮೇಜ್ ಆದರೆ ಮೊದಲು ನಿಮ್ಮ ಕಾರ್ಡಿಗೆ ಕತ್ತರಿ, ಆಮೇಲೆ ನೀವು ಆ ವಿಮೆಯವರ ಬೆನ್ನು ಹತ್ತಬೇಕು.

ಅಲ್ಲೇ ಇನ್ನೆರಡು ವಿಷಯ ಲಿಖಿತವಾಗಿ ಇರಲಿ: ಸ್ಲೊವೇನಿಯಾ ಮತ್ತು ಕ್ರೊಯೇಷ್ಯಾಕ್ಕೆ ಕಾರು ಒಯ್ಯಲು ಅನುಮತಿ, ಬೇರೆ ದೇಶದಲ್ಲಿ ಬಿಡುವುದಕ್ಕೆ ಶುಲ್ಕ. ಈ ಎರಡನೆಯದು ಕೆಲವೊಮ್ಮೆ ವಾರದ ಬಾಡಿಗೆಯನ್ನೇ ಮೀರುತ್ತದೆ. ಜರ್ಮನ್ ಐಷಾರಾಮಿ ಕಾರುಗಳನ್ನು ಗಡಿ ದಾಟಿಸಲು ಬಿಡದ ಕಂಪನಿಗಳೂ ಇವೆ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಯ ಪುಸ್ತಿಕೆಯೂ ಬೇಕು, ಎರಡೂ ಮೂಲಪ್ರತಿ. ಆಟೊಮ್ಯಾಟಿಕ್ ಬೇಕಿದ್ದರೆ ಬುಕಿಂಗ್‌ನಲ್ಲೇ ಹಾಗೆ ಆಯ್ದುಕೊಳ್ಳಿ. ಬಲಬದಿಯ ರಸ್ತೆಯಲ್ಲಿ, ಘಾಟಿಯಲ್ಲಿ, ಬಲಗೈಯಲ್ಲಿ ಗೇರ್ ಕಲಿಯುವ ಹಠ ಬೇಡ.

ಮುಂದಿನದು ವಿನ್ಯೆಟ್, ಅಂದರೆ ಹೆದ್ದಾರಿ ಬಳಸಲು ಇಂತಿಷ್ಟು ದಿನಕ್ಕೆಂದು ಮೊದಲೇ ಕೊಳ್ಳುವ ಪಾಸು. ಆಸ್ಟ್ರಿಯಾದ್ದೇ ಬೇರೆ, ಸ್ಲೊವೇನಿಯಾದ್ದೇ ಬೇರೆ. ಸ್ಲೊವೇನಿಯಾದಲ್ಲಿ 2022ರಿಂದ ಸ್ಟಿಕ್ಕರ್ ಇಲ್ಲ. ಕಾರಿನ ನಂಬರಿಗೇ ಕಟ್ಟಿದ ಇ-ವಿನ್ಯೆಟ್, ವಾರಕ್ಕೆ ಸುಮಾರು 16 ಯೂರೋ. ಇಲ್ಲದೆ ಸಿಕ್ಕಿಬಿದ್ದರೆ ದಂಡ 300 ಯೂರೋದಿಂದ ಶುರು. ಕಾರಿನ ನಂಬರ್ ಕೈಗೆ ಕೀಲಿ ಬರುವವರೆಗೆ ಗೊತ್ತಾಗುವುದಿಲ್ಲ, ಆದ್ದರಿಂದ ಊರಿನಿಂದಲೇ ಕೊಳ್ಳಲಾಗದು. ಪಾರ್ಕಿಂಗ್‌ನಲ್ಲಿ ನಿಂತು, ಪ್ಲೇಟ್ ನೋಡಿಕೊಂಡು, ಸೊನ್ನೆ ಯಾವುದು ಓ ಯಾವುದು ಎಂದು ಖಚಿತಪಡಿಸಿಕೊಂಡು, ನೋಂದಣಿಯ ದೇಶವನ್ನೂ ಸರಿಯಾಗಿ ಆಯ್ದು, ಅಧಿಕೃತ ತಾಣದಿಂದಲೇ ಕೊಳ್ಳಬೇಕು. ಹುಡುಕಿದಾಗ ಮೊದಲು ಬರುವ ಜಾಹೀರಾತಿನ ತಾಣಗಳು ಅದನ್ನೇ ದುಬಾರಿಗೆ ಮಾರುತ್ತವೆ. ವಿನ್ಯೆಟ್ ಇದ್ದರೂ ಆಸ್ಟ್ರಿಯಾದ ಟೌವರ್ನ್ ಮತ್ತು ಕಾರವಾಂಕೆನ್ ಸುರಂಗಗಳಿಗೆ ಟೋಲ್ ಪ್ರತ್ಯೇಕ. ಗ್ರಾಸ್‌ಗ್ಲಾಕ್ನರ್ ರಸ್ತೆಗೂ ಪ್ರತ್ಯೇಕ, ಕಾರಿಗೆ 40 ಯೂರೋ ಮೇಲೆ. ಜುಲೈ, ಆಗಸ್ಟ್‌ನ ಶನಿವಾರ ಅರ್ಧ ಯೂರೋಪ್ ಕಡಲಿಗೆ ಹೊರಟಿರುತ್ತದೆ. ಆ ದಿನ ಈ ಸುರಂಗಗಳ ಕಡೆ ಸುಳಿಯದಂತೆ ದಿನ ಹೊಂದಿಸಿಕೊಳ್ಳಿ.

ಗ್ರಾಸ್‌ಗ್ಲಾಕ್ನರ್ ರಸ್ತೆ 48 ಕಿ.ಮೀ., 36 ಹೇರ್‌ಪಿನ್ ತಿರುವು, ಘಾಟಿ ದಾಟುವ ಹೊಖ್‌ಟೋರ್‌ನಲ್ಲಿ 2504 ಮೀಟರ್ ಎತ್ತರ. ಸಾಮಾನ್ಯವಾಗಿ ಮೇ ಆರಂಭದಿಂದ ನವೆಂಬರ್ ಆರಂಭದವರೆಗೆ ಮಾತ್ರ ತೆರೆದಿರುತ್ತದೆ, ಅದೂ ರಾತ್ರಿ ಮುಚ್ಚುತ್ತಾರೆ. ಏಪ್ರಿಲ್ ರಜೆಯ ಪ್ಲಾನಿನಲ್ಲಿ ಇದನ್ನು ಬರೆದಿದ್ದರೆ ಈಗಲೇ ಹೊಡೆದುಹಾಕಿ. ಮರುದಿನದ ವ್ರಿಶಿಚ್ 1611 ಮೀಟರ್, 50 ತಿರುವು. ಕ್ರಾನ್ಸ್ಕಾ ಗೋರಾ ಕಡೆಯ ತಿರುವುಗಳಲ್ಲಿ ಕಲ್ಲು ಹಾಸಿದೆ, ಮಳೆ ಬಿದ್ದರೆ ಜಾರುತ್ತದೆ. ಎರಡು ಕಡೆಯೂ ಏರುವಾಗ ತೊಂದರೆಯಿಲ್ಲ, ಇಳಿಯುವಾಗಲೇ ಎಡವಟ್ಟು. ಆಟೊಮ್ಯಾಟಿಕ್‌ನ ಡಿ ಯಲ್ಲೇ ಇಟ್ಟು ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಸುಟ್ಟ ವಾಸನೆ ಬರುತ್ತದೆ, ಬ್ರೇಕ್ ದ್ರವ ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಮ್ಯಾನುವಲ್ ಮೋಡ್‌ಗೆ ಹಾಕಿ ಎರಡನೇ ಗೇರ್‌ನಲ್ಲಿ ಎಂಜಿನ್ನಿಗೇ ತಡೆಯಲು ಬಿಡಿ. ತಿರುವಿನ ಮೊದಲು ಬ್ರೇಕ್ ಗಟ್ಟಿಯಾಗಿ ಒಮ್ಮೆ ಒತ್ತಿ, ಬಿಟ್ಟುಬಿಡಿ. ವಾಸನೆ ಬಂದರೆ ಅರ್ಧ ಗಂಟೆ ನಿಲ್ಲಿ, ಚಕ್ರಕ್ಕೆ ನೀರು ಮಾತ್ರ ಎರಚಬೇಡಿ.

ಬೋವೆಟ್ಸ್‌ನಿಂದ ಸ್ಪ್ಲಿಟ್ ಐನೂರು ಕಿಲೋಮೀಟರಿಗೂ ಹೆಚ್ಚು. ಮೊದಲ ಭಾಗ ಸೋಚಾ ನದಿಯ ಪಕ್ಕದ ಕಿರುದಾರಿ, ಅಲ್ಲಿ ಗಂಟೆಗೆ 50 ಕಿ.ಮೀ. ಲೆಕ್ಕ ಹಿಡಿದರೆ ಸಾಕು. ಇದನ್ನು ಒಂದು ದಿನದಲ್ಲಿ ಮುಗಿಸುವ ಯೋಜನೆಯೇ ತಪ್ಪು. ರಿಯೆಕಾ ಸುತ್ತಮುತ್ತ ಒಂದು ರಾತ್ರಿ ಸೇರಿಸಿ. ಬೆಟ್ಟದಿಂದ ಕಡಲ ಕಡೆ ನುಗ್ಗುವ ಬುರಾ ಎಂಬ ಬಿರುಗಾಳಿ ಎದ್ದರೆ ವೆಲೆಬಿಟ್ ಬೆಟ್ಟದ ಕೆಳಗೆ ಎ1 ಹೆದ್ದಾರಿಯ ಮಸ್ಲೆನಿಟ್ಸಾ ಭಾಗವನ್ನೇ ಮುಚ್ಚುವುದುಂಟು.

ಇನ್ನು ವೀಸಾ. ನಮ್ಮ ಪಾಸ್‌ಪೋರ್ಟಿನವರು ತುಂಬ ಹುಷಾರಾಗಿರಬೇಕಾದದ್ದು ಇಲ್ಲೇ. ಕ್ರೊಯೇಷ್ಯಾ 2023ರ ಜನವರಿ 1ರಂದು ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ಸೇರಿತು, ಹಾಗಾಗಿ ಮ್ಯೂನಿಕ್‌ನಿಂದ ಸ್ಪ್ಲಿಟ್‌ವರೆಗೆ ಒಂದೇ ಪ್ರವೇಶದ ವೀಸಾ ಸಾಕು. ಅದಕ್ಕಿಂತ ಹಳೆಯ ಸಲಹೆಗಳನ್ನು ಮರೆತುಬಿಡಿ. ಆದರೆ ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ಹೋಗುವ ಕರಾವಳಿ ರಸ್ತೆ ನಡುವೆ ನೆಯುಮ್ ಎಂಬಲ್ಲಿ ಬೋಸ್ನಿಯಾದ ಚಿಕ್ಕ ಪಟ್ಟಿಯನ್ನು ಹಾಯುತ್ತದೆ. ಬೋಸ್ನಿಯಾ ಷೆಂಗೆನ್‌ನಲ್ಲಿಲ್ಲ. ಮ್ಯಾಪ್ 'ಹತ್ತಿರದ ದಾರಿ' ಎಂದು ಅಲ್ಲಿಗೆ ತಿರುಗಿಸಿ, ನೀವು ಗಡಿಯಲ್ಲಿ ನಿರ್ಗಮನ ದಾಖಲಿಸಿಕೊಂಡಿರೋ, ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯಿತು. ಹೋಟೆಲ್, ವಿಮಾನ ಎಲ್ಲ ದುಬ್ರೋವ್ನಿಕ್‌ನಲ್ಲಿ, ನೀವು ಗಡಿಯಾಚೆ. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಇರುವುದೇ ಈ ಪಟ್ಟಿಯನ್ನು ಬಳಸಿ ಹೋಗಲಿಕ್ಕೆ. ಮ್ಯಾಪ್‌ನಲ್ಲಿ ಸೇತುವೆಯ ಈಚೆಗಿನ ಕೊಮಾರ್ನಾ ಮತ್ತು ಆಚೆಗಿನ ಸ್ಟೋನ್ ಎರಡನ್ನೂ ನಿಲುಗಡೆಯಾಗಿ ಸೇರಿಸಿದರೆ ದಾರಿ ತಪ್ಪುವುದಿಲ್ಲ. ಸೇತುವೆಗೆ ಟೋಲ್ ಇಲ್ಲ. ಬೋಸ್ನಿಯಾದ ಮೋಸ್ತಾರ್ ಅಥವಾ ಮಾಂಟೆನೆಗ್ರೊದ ಕೋಟೊರ್‌ಗೆ ಒಂದು ದಿನ ಹೋಗಿಬರುವ ಆಸೆಯಿದ್ದರೆ ವೀಸಾದ ಪ್ರವೇಶಗಳ ಜಾಗದಲ್ಲಿ 01 ಅಲ್ಲ, ಮಲ್ಟ್ (MULT, ಹಲವು ಪ್ರವೇಶ) ಎಂದಿರಬೇಕು. ಅರ್ಜಿ ಹಾಕುವುದು ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಉಳಿಯುವ ದೇಶಕ್ಕೆ. ಈ ಪ್ಲಾನಿನಲ್ಲಿ ಅದು ಬಹುತೇಕ ಕ್ರೊಯೇಷ್ಯಾ. ದೇಶಗಳ ನಡುವೆ ದಿನ ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶ. ಸ್ಲೊವೇನಿಯಾ ಒಳಗಡಿಯಲ್ಲೂ ತಪಾಸಣೆ ಇಟ್ಟದ್ದುಂಟು, ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ.

ಕಾರು ಒಪ್ಪಿಸುವಾಗ ಕೌಂಟರ್ ಮುಚ್ಚಿದ್ದು ಕೀಲಿಯನ್ನು ಪೆಟ್ಟಿಗೆಗೆ ಹಾಕಬೇಕಾದರೆ ನಾಲ್ಕು ಚಕ್ರದ ರಿಮ್, ಮುಂದಿನ ಗಾಜು, ಬಂಪರ್‌ನ ಕೆಳಭಾಗ, ಮೀಟರಿನಲ್ಲಿ ಇಂಧನದ ಮಟ್ಟ ಇಷ್ಟನ್ನೂ ಸಮಯ ಕಾಣುವಂತೆ ವಿಡಿಯೊ ಮಾಡಿಕೊಳ್ಳಿ. ಟೈರ್, ಗಾಜು, ಕೆಳಭಾಗ ಮೂಲ ವಿಮೆಯಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ, ಬಿಲ್ ಬರುವುದು ಅವಕ್ಕೇ. ಪೆಟ್ರೋಲ್ ಬಂಕಿನ ಕೊನೆಯ ರಸೀದಿಯನ್ನು ಠೇವಣಿ ಕಾರ್ಡಿಗೆ ಮರಳುವವರೆಗೆ ಇಟ್ಟುಕೊಳ್ಳಿ.