ಸೀಸ ಬಿಟ್ಟು ತಾಮ್ರ: ನನ್ನ .375 ರೈಫಲ್‌ಗೆ ತುಂಬಿಸುವ ಗುಂಡು

ನನ್ನ ರೈಫಲ್‌ನ ತೋಟಾ ನಾನೇ ತುಂಬಿಸ್ಕೋತೀನಿ: ಹಿತ್ತಾಳೆ ಕೇಸಿಗೆ (ತೋಟಾದ ಖಾಲಿ ಕೋಶ) ಮದ್ದು ಹಾಕಿ, ಬಾಯಿಗೆ ಗುಂಡು ಒತ್ತೋದು. ಈಗ ಆ ಗುಂಡು ಸೀಸದ ಬದಲು ತಾಮ್ರದ್ದು. ಮೊದಲು ಬೈದು ಮುಗಿಸಿಬಿಡ್ತೀನಿ. ಪೂರ್ತಿ ತಾಮ್ರದ ಗುಂಡಿನ ದೊಡ್ಡ ಕಾಟ ನಳಿಗೆ ತೊಳೆಯೋದು. ಸಾಲ್ವೆಂಟ್ ಹಚ್ಚಿದ ಬಟ್ಟೆ ತೂರಿಸಿದರೆ ಒಳಗೆ ಅಂಟಿದ ತಾಮ್ರ ಕರಗಿ ನೀಲಿ, ಇನ್ನೊಂದು ತೂರಿಸಿದರೆ ಮತ್ತೂ ನೀಲಿ. ಪಕ್ಕದಲ್ಲಿಟ್ಟ ಕಾಫಿ ಆರಿಹೋದರೂ ಬಟ್ಟೆ ಬಿಳಿಯಾಗಿ ಬರಲ್ಲ. ಬೆಲೆಯೂ ಜಾಸ್ತಿ. ಅದಕ್ಕೇ ಶೂಟಿಂಗ್ ರೇಂಜಲ್ಲಿ ಅಭ್ಯಾಸಕ್ಕೆ ಅಗ್ಗದ ಸೀಸದ್ದು, ಗುರಿ ಸರಿಮಾಡೋಕೆ ಮತ್ತು ಬೇಟೆಗೆ ಮಾತ್ರ ತಾಮ್ರದ್ದು.

ಬೇಟೆಗೆ ಸೀಸ ಹಾಕೋ ದಾರಿಯೂ ಇಲ್ಲ, ನಾನಿರೋದು ಕ್ಯಾಲಿಫೋರ್ನಿಯಾ. ಬೇಟೆಗಾರರು ಬಿಟ್ಟ ಕರುಳಲ್ಲಿರೋ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯ್ತಿದ್ದವು. 2013ರಲ್ಲಿ ಕಾನೂನು ಬಂತು, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸ ಬಂದ್. (ಆಫ್ರಿಕಾದ ದೊಡ್ಡ ಪ್ರಾಣಿಗಳಿಗೆ ಬಳಸೋ .375 ಎಚ್ ಅಂಡ್ ಎಚ್ ತೋಟಾ ಕಾಡುಹಂದಿಗೆ ಯಾಕೆ ಅಂತ ಕೇಳಬೇಡಿ. ಆಫ್ರಿಕಾದ ಆಸೆ, ಸೆಕೆಂಡ್‌ಹ್ಯಾಂಡ್ ಬಜೆಟ್.)

ತಾಮ್ರ ಸೀಸಕ್ಕಿಂತ ಹಗುರ. ಅದೇ 300 ಗ್ರೇನ್ (ಸುಮಾರು 19 ಗ್ರಾಂ) ತೂಕಕ್ಕೆ ಗುಂಡು ಉದ್ದವಾಗುತ್ತೆ, ಕೇಸಿನೊಳಗೆ ಮದ್ದಿನ ಜಾಗ ತಿನ್ನುತ್ತೆ. ಸೀಸದ ಗುಂಡಿನ ಮದ್ದಿನ ಲೆಕ್ಕ ಇದಕ್ಕೆ ನಡೆಯಲ್ಲ. ಆ ಗುಂಡಿಗೇ ಅಂತ ತೋಟಾ ತುಂಬಿಸೋ ಕೈಪಿಡಿಯಲ್ಲಿ ಕೊಟ್ಟಿದ್ದನ್ನು ಹಿಡಿದು, ಅದರಲ್ಲಿನ ಅತಿ ಕಡಿಮೆ ಮದ್ದಿನ ಅಳತೆಯಿಂದಲೇ ಶುರುಮಾಡಬೇಕು. ತಾಮ್ರ ಚೂರಾಗಿ ತೂಕ ಕಳೆದುಕೊಳ್ಳಲ್ಲ, ಹಗುರ ಗುಂಡೂ ಆಳಕ್ಕೆ ಹೋಗುತ್ತೆ, ಅದಕ್ಕೇ ನಾನು 250 ಗ್ರೇನ್‌ಗೆ ಇಳಿದೆ. ಹಂದಿಗೆ ಧಾರಾಳ, ಒದೆತ ಕಡಿಮೆಯಾಗಿ ನನ್ನ ಭುಜಕ್ಕೂ ಒಳ್ಳೇದು.

ತುಂಬಿಸೋ ಕೆಲಸ ರಾತ್ರಿ ಊಟ ಆದ್ಮೇಲೆ, ಫೋನು ಒಳಗಿಟ್ಟು. ಪ್ರತಿ ಕೇಸಿನ ಮದ್ದೂ ತಕ್ಕಡಿಗೆ. ಗುಂಡನ್ನು ಅರ್ಧ ಒತ್ತಿ, ತೋಟಾನ ಅರ್ಧ ಸುತ್ತು ತಿರುಗಿಸಿ, ಪೂರ್ತಿ ಒತ್ತೋದು. ಇದರಿಂದ ಗುಂಡು ನೆಟ್ಟಗೆ ಕೂರುತ್ತೆ ಅಂತ ನನ್ನ ನಂಬಿಕೆ, ಬಿಡಿ.

ಇಷ್ಟಾದರೂ ತಾಮ್ರಕ್ಕೆ ನಾನು ಒಲಿದಿದ್ದು ಅಡುಗೆಮನೆಯಲ್ಲಿ. ಮೈಯುದ್ದಕ್ಕೆ ಗುಂಡು ಹೋಗೋ ಹಾಗೆ ಹೊಡೆದ ಒಂದು ಗಂಡು ಹಂದಿಯ ಚರ್ಮದಡಿ ಗುಂಡು ಸಿಕ್ಕಿತ್ತು: ಮೂತಿ ನಾಲ್ಕು ಎಸಳಾಗಿ ಬಿರಿದಿತ್ತು, ತೂಕ ಹೆಚ್ಚುಕಡಿಮೆ ಹಾಗೇ. ಮುಂಚೆ ನಮ್ಮವಳು ಗಾಯದ ಸುತ್ತ ಗೇಣಗಲ ಕತ್ತರಿಸಿ ಎಸೀತಿದ್ದಳು, ಮಕ್ಕಳ ತಟ್ಟೆಗೆ ಸೀಸ ಬೀಳಬಾರದು ಅಂತ. ಈಗ ರಕ್ತ ಕಟ್ಟಿದಷ್ಟನ್ನು ತೆಗೆದರೆ ಮುಗೀತು. ಮಡಿಕೇರಿಯಿಂದ ತಂದ ಕಾಚಂಪುಳಿ ಹಾಕಿ ಪಂದಿ ಕರಿ ಮಾಡಿದರೆ ಭುಜದ ತುಂಡೂ ಪಾತ್ರೆಗೆ ಬರುತ್ತೆ.

ಸೀಸಕ್ಕೆ ಅಡ್ಡಿಯಿಲ್ಲದ ರಾಜ್ಯದಲ್ಲಿದ್ದರೆ 1948ರಲ್ಲಿ ಬಂದ ನಾಸ್ಲರ್ ಪಾರ್ಟಿಶನ್ (ನಾಸ್ಲರ್ ಕಂಪನಿಯ, ಒಳಗೆ ಸೀಸ ತುಂಬಿದ ಗುಂಡು) ಇವತ್ತಿಗೂ ಒಳ್ಳೆ ಗುಂಡೇ. ಹೊಡೆದಿದ್ದನ್ನು ಮನೆಮಂದಿಯೆಲ್ಲ ತಿನ್ನೋದಾದರೆ ಮಾತ್ರ ದುಡ್ಡು ಹೆಚ್ಚಾದರೂ ತಾಮ್ರವೇ ತಗೊಳ್ಳಿ.