ಅಡಿಕೆ ಬೆಳೆಗಾರರಿಗೆ ಆಮದು-ರಫ್ತು ಡೇಟಾ ಬ್ಯಾಂಕ್ ಎಷ್ಟು ಉಪಯೋಗ? ಒಂದು ರಿವ್ಯೂ

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಯಾವ ಅಡಿಕೆ ವಾಟ್ಸಾಪ್ ಗ್ರೂಪಿಗೆ ಹೋದರೂ ಆಗಾಗ ಒಂದು ಮೆಸೇಜು ಗ್ಯಾರಂಟಿ. ಭೂತಾನ್ ಅಡಿಕೆ ಬಂತು, ಶ್ರೀಲಂಕಾದ್ದು ಇಳಿಯಿತು, ರೇಟು ಬೀಳುತ್ತದೆ, ಇವತ್ತೇ ಕೊಟ್ಟುಬಿಡಿ. ಯಾರು ಹೇಳಿದ್ದು, ಎಷ್ಟು ಬಂತು, ಯಾವಾಗ ಬಂತು, ಒಂದೂ ಇರುವುದಿಲ್ಲ. ಆದರೂ ಅದನ್ನು ನಂಬಿ ಮಂಡಿಗೆ ಮೂಟೆ ಸಾಗಿಸುವವರಿದ್ದಾರೆ.

ಇದಕ್ಕೆ ಮದ್ದು ಪುಕ್ಕಟೆಯಾಗಿ ಸಿಗುತ್ತದೆ. ಕೇಂದ್ರ ವಾಣಿಜ್ಯ ಇಲಾಖೆಯ ಎಕ್ಸ್‌ಪೋರ್ಟ್ ಇಂಪೋರ್ಟ್ ಡೇಟಾ ಬ್ಯಾಂಕ್. ಯಾವ ದೇಶದಿಂದ ಯಾವ ಮಾಲು ಎಷ್ಟು ಬಂತು, ಯಾವ ದೇಶಕ್ಕೆ ಎಷ್ಟು ಹೋಯಿತು, ವರ್ಷದ ಲೆಕ್ಕ, ತಿಂಗಳ ಲೆಕ್ಕ, ಎರಡೂ ಇದೆ. ನಮ್ಮಲ್ಲಿ ಇದನ್ನು ತೆರೆದು ನೋಡಿದವರು ಕಮ್ಮಿ. ಯಾಕೆ ಅಂತ ತೆರೆದ ಕೂಡಲೇ ಗೊತ್ತಾಗುತ್ತದೆ, ಅಲ್ಲಿ ಅಡಿಕೆಗೆ ಅಡಿಕೆ ಅಂತ ಹೆಸರಿಲ್ಲ, ಒಂದು ನಂಬರ್ ಇದೆ, ಕಸ್ಟಮ್ಸ್‌ನವರು ಪ್ರತಿ ಮಾಲಿಗೂ ಕೊಡುವ ಕೋಡ್.

080280. ಇದನ್ನು ಬರೆದಿಟ್ಟುಕೊಳ್ಳಿ. ಎಂಟು ಅಂಕಿಯವರೆಗೆ ಹೋದರೆ 08028010 ಇಡಿ ಅಡಿಕೆ, 08028020 ಹೋಳು, 08028030 ಪುಡಿ. ನಮ್ಮ ಮಂಡಿಯಲ್ಲಿ ಅಡಿಕೆಯ ಬಗೆಗಳಿಗೆ ಕರೆಯುವ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತೆಲ್ಲ ಹುಡುಕಬೇಡಿ, ಕಸ್ಟಮ್ಸ್‌ನವರಿಗೆ ಅದು ಯಾವುದೂ ಗೊತ್ತಿಲ್ಲ. ಕಾಳುಮೆಣಸಿಗೆ 0904, ಪುಡಿ ಮಾಡದ ಇಡೀ ಕಾಳಿಗೆ 090411.

ಇನ್ನು ಅಂಕಿ ಓದುವ ಕ್ರಮ. ಪ್ರಮಾಣ ಸಾವಿರದ ಲೆಕ್ಕದಲ್ಲಿ ಇರುತ್ತದೆ, ಅಂದರೆ ಕೆಜಿಯಲ್ಲಿ ಕೊಡುವ ಮಾಲಿಗೆ ಸಾವಿರ ಕೆಜಿ, ಒಂದು ಟನ್. ಬೆಲೆ ಲಕ್ಷ ರೂಪಾಯಿಯಲ್ಲಿ ಅಥವಾ ಮಿಲಿಯನ್ ಡಾಲರ್‌ನಲ್ಲಿ. ನೀವು ರೂಪಾಯಿಯದ್ದನ್ನೇ ತೆಗೆಯಿರಿ. ಬೆಲೆಯ ಅಂಕಿಯನ್ನು ಪ್ರಮಾಣದ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಕೆಜಿಗೆ ಎಷ್ಟು ರೂಪಾಯಿ ಬಿತ್ತು ಅಂತ ಸಿಗುತ್ತದೆ. ಇಡೀ ಸೈಟಿನಲ್ಲಿ ನಮಗೆ ಬೇಕಾದ ಅಂಕಿ ಇದೇ, ಆದರೆ ಅದನ್ನು ಅವರು ಮಾಡಿಕೊಟ್ಟಿಲ್ಲ, ನಾವೇ ಮಾಡಿಕೊಳ್ಳಬೇಕು.

ಯಾಕೆ ಇದೇ ಮುಖ್ಯ? ಅಡಿಕೆ ಆಮದಿಗೆ ಕನಿಷ್ಠ ಬೆಲೆ ಅಂತ ಒಂದು ಇದೆ. 2023ರ ಫೆಬ್ರವರಿಯಲ್ಲಿ ಅದನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಕಡಿಮೆ ಬೆಲೆಗೆ ತರುವಂತಿಲ್ಲ. ಹಾಗಿದ್ದರೂ ನಿಮ್ಮ ಭಾಗಾಕಾರದಲ್ಲಿ 351ಕ್ಕಿಂತ ಕಡಿಮೆ ಬಂದರೆ ಗಾಬರಿಯಾಗಬೇಡಿ, ಮೊದಲು ದೇಶದ ಹೆಸರು ನೋಡಿ. ಭೂತಾನ್‌ಗೆ ವಿನಾಯಿತಿ ಇದೆ. 2022ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆ ಇಲ್ಲದೆ ಜೈಗಾಂವ್ ಗಡಿಯಿಂದ ತರಲು ಬಿಟ್ಟರು. ಆಗ ಶಿವಮೊಗ್ಗದಿಂದ ಶಿರಸಿವರೆಗೆ ಎಷ್ಟು ಗಲಾಟೆ ಆಯಿತು ಅಂತ ನೆನಪಿರಬಹುದು. ನನಗೆ ಆ ಸಿಟ್ಟು ತಪ್ಪು ಅಂತ ಅನಿಸುವುದಿಲ್ಲ. ಆದರೆ ಲೆಕ್ಕ ಬೇರೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕ್ವಿಂಟಾಲಿಗೆ 12-13 ಕೆಜಿ ಉಳಿದರೆ ಹೆಚ್ಚು, ನಮ್ಮ ಕಡೆಯ ಯಾವ ಚೇಣಿದಾರರನ್ನು (ತೋಟದ ಫಸಲು ಗುತ್ತಿಗೆಗೆ ಹಿಡಿಯುವವರನ್ನು) ಕೇಳಿದರೂ ಹೇಳುತ್ತಾರೆ. ಆ ಲೆಕ್ಕದಲ್ಲಿ 17,000 ಟನ್ ಅಂದರೆ ಒಣ ಅಡಿಕೆ ಸುಮಾರು 2,000 ಟನ್ ಚಿಲ್ಲರೆ. ದೇಶದಲ್ಲಿ ಬೆಳೆಯುವುದು ಹತ್ತು ಲಕ್ಷ ಟನ್‌ಗೂ ಜಾಸ್ತಿ. ಇದಿಷ್ಟರಿಂದಲೇ ಶಿವಮೊಗ್ಗದ ರಾಶಿ ರೇಟು ಬೀಳುತ್ತದೆ ಅಂದರೆ ನಾನು ನಂಬುವುದಿಲ್ಲ.

ಹಾಗಾದರೆ ಭಯ ಇಲ್ಲವಾ? ಇದೆ, ಆದರೆ ಅದು ಈ ಸೈಟಿನಲ್ಲಿ ಕಾಣುವುದಿಲ್ಲ. ಬರ್ಮಾದಿಂದ ಮಿಜೋರಾಂ, ಅಸ್ಸಾಂ ಕಡೆ ಕದ್ದು ಬರುವ ಅಡಿಕೆಗೆ ಯಾರೂ ಬಿಲ್ ಹಾಕುವುದಿಲ್ಲ, ಬಿಲ್ ಇಲ್ಲದ್ದು ಡೇಟಾ ಬ್ಯಾಂಕಿಗೆ ಬರುವುದಿಲ್ಲ. ಬೇರೆ ಮಾಲಿನ ಹೆಸರು ಬರೆದು ಕಂಟೇನರ್‌ನಲ್ಲಿ ತರುವುದೂ ಇದೆ, ಆಗ ಅಂಕಿ ಬೇರೆ ನಂಬರಿನಲ್ಲಿ ಹೋಗಿ ಕೂರುತ್ತದೆ. ಹುರಿದ ಅಡಿಕೆ ಕಥೆಯಂತೂ ಗೊತ್ತಿರಲೇಬೇಕು. ಹುರಿದರೆ ಅದು 0802 ಅಲ್ಲ, 2008 ಅನ್ನುವ ಕೋಡ್‌ನಲ್ಲಿ ಬರುತ್ತದೆ ಅಂತ ಒಂದು ದಾರಿ ಮಾಡಿಕೊಂಡಿದ್ದರು, ಅಲ್ಲಿ ಕನಿಷ್ಠ ಬೆಲೆಯ ತಂಟೆ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದಕ್ಕೂ 351ರ ಗೆರೆ ಎಳೆದರು. ಹಾಗಾಗಿ ಹಳೆಯ ವರ್ಷಗಳದ್ದು ನೋಡುವಾಗ ಬರೀ 080280 ನೋಡಿ 'ಏನೂ ಬಂದೇ ಇಲ್ಲ ಬಿಡಿ' ಅಂತ ತೀರ್ಮಾನ ಮಾಡಬೇಡಿ.

ಕಾಳುಮೆಣಸಿನವರಿಗೆ ಇದು ಇನ್ನೂ ಚೆನ್ನಾಗಿದೆ. ವಿಯೆಟ್ನಾಂ, ಶ್ರೀಲಂಕಾ ಎರಡರ ಸಾಲು ನೋಡಿದರೆ ಅರ್ಧ ಕಥೆ ಅರ್ಥವಾಗುತ್ತದೆ. ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. 2017ರ ಡಿಸೆಂಬರ್‌ನಲ್ಲಿ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿದರು. ಆದರೂ 500ಕ್ಕಿಂತ ಕಡಿಮೆ ಬೆಲೆಯ ಅಂಕಿ ಕಂಡರೆ 'ಕಳ್ಳ ಮಾಲು' ಅಂತ ಸ್ಕ್ರೀನ್‌ಶಾಟ್ ಹಾಕಬೇಡಿ. ಮೆಣಸು ತಂದು ಓಲಿಯೋರೆಸಿನ್ (ಮೆಣಸಿನ ಸಾರ) ತೆಗೆದು ಮತ್ತೆ ಹೊರದೇಶಕ್ಕೆ ಕಳಿಸುವ ಕಂಪನಿಗಳಿಗೆ ಈ ಕನಿಷ್ಠ ಬೆಲೆ ಅನ್ವಯಿಸುವುದಿಲ್ಲ. ಆ ಮಾಲು ಹೊರಗೆ ಹೋಗುವಾಗ 33ನೇ ಅಧ್ಯಾಯದಲ್ಲಿ, ಅಂದರೆ 33ರಿಂದ ಶುರುವಾಗುವ ಕೋಡ್‌ಗಳಲ್ಲಿ, ಸಾರದ ರೂಪದಲ್ಲಿ ಕಾಣುತ್ತದೆ, ಮೆಣಸಿನ ಹೆಸರಿನಲ್ಲಿ ಅಲ್ಲ. ಬರುವುದು ಮಾತ್ರ ನೋಡಿ ಹೋಗುವುದು ನೋಡದಿದ್ದರೆ ಸುಮ್ನೆ ಬಿಪಿ ಏರುತ್ತದೆ.

ದೇಶದ ಪುಟ ತೆರೆದರೆ ಇನ್ನೊಂದು ಮಜಾ. ನೆದರ್ಲೆಂಡ್ಸ್‌ನಂಥ ಪುಟ್ಟ ದೇಶ ನಮ್ಮ ದೊಡ್ಡ ಗಿರಾಕಿಗಳ ಸಾಲಿನಲ್ಲಿ ಕೂತಿದೆ, ಯಾಕೆಂದರೆ ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದದ್ದು ಯುರೋಪಿನ ಎಲ್ಲ ಕಡೆ ಹಂಚಿಹೋಗುತ್ತದೆ. ಪಟ್ಟಿಯಲ್ಲಿ ದೇಶದ ಹೆಸರು ಇದೆ ಅಂದ ಮಾತ್ರಕ್ಕೆ ಅಲ್ಲಿಯವರೇ ತಿಂದರು ಅಂತಲ್ಲ, ಕಾಫಿ ಲೆಕ್ಕ ನೋಡುವ ಚಿಕ್ಕಮಗಳೂರಿನವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಕೊರತೆಗಳು ಇವೆ. ತಿಂಗಳ ಅಂಕಿ ತಡವಾಗಿ ಬರುತ್ತದೆ, ಆದ್ದರಿಂದ ನಾಳೆ ಮಾರಬೇಕಾ ಬೇಡವಾ ಅನ್ನುವುದಕ್ಕೆ ಇದು ಉತ್ತರ ಕೊಡುವುದಿಲ್ಲ. ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್, ನಮ್ಮ ಕೊಯ್ಲು ಅದರ ಮಧ್ಯದಲ್ಲಿ ಶುರುವಾಗುತ್ತದೆ. ಇನ್ನೊಂದು, ಆಮದಿನ ಬೆಲೆಯಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುತ್ತದೆ, ರಫ್ತಿನದರಲ್ಲಿ ಸೇರಿರುವುದಿಲ್ಲ, ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ಲಾಭ ಲೆಕ್ಕ ಹಾಕಬೇಡಿ.

ನಮ್ಮ ಪಕ್ಕದ ಮನೆಯ ಭಾವನಿಗೆ ಇದನ್ನೆಲ್ಲ ತೋರಿಸಿದೆ. 'ಎಲ್ಲ ಸರಿ ಮಾರಾಯ, ಕದ್ದು ಬಂದದ್ದಕ್ಕೆ ಕೋಡ್ ಯಾವುದು?' ಅಂದರು. ಅದಕ್ಕೇ ಮೆಣಸು ಇರುವವರಿಗೆ 5ಕ್ಕೆ 4 ಸ್ಟಾರ್, ಬರೀ ಅಡಿಕೆಯವರಿಗೆ 3. ಮೊಬೈಲಿನಲ್ಲಿ ಅಷ್ಟು ಕಾಲಂ ಓದುವುದು ಕಣ್ಣಿಗೆ ಕಷ್ಟ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲೇ ತೆರೆಯಿರಿ, ಒಂದು ಕಾಪಿ ತೆಗೆದು ಮಂಡಿ ಪಟ್ಟಿಯ ಜೊತೆ ಇಟ್ಟುಕೊಳ್ಳಿ.